ಮೆನೋಪಾಸ್ ಟೆಸ್ಟ್ ಕಿಟ್: ಈ ವಾರ ಪಾಸಿಟಿವ್, ಮುಂದಿನ ವಾರ ನೆಗೆಟಿವ್

ಮನೇಲೇ ಮಾಡ್ಕೋಬಹುದಾದ ಮೆನೋಪಾಸ್ ಟೆಸ್ಟ್ ಕಿಟ್ ಒಂದನ್ನ ಆನ್‌ಲೈನಲ್ಲಿ ತರಿಸ್ಕೊಂಡಿದ್ದೆ, ಅದರ ರಿವ್ಯೂ ಇದು. ಐದಕ್ಕೆ ಎರಡು ಸ್ಟಾರ್. ಕಂಪನಿ ಹೆಸರು ಹಾಕಲ್ಲ, ಯಾಕಂದ್ರೆ ಮೂತ್ರದಲ್ಲಿ ನೋಡೋ ಇಂಥ ಕಿಟ್‌ಗಳು ಯಾವ ಡಬ್ಬೀಲಿ ಬಂದ್ರೂ ಒಳಗೆ ನೋಡೋದು ಹೆಚ್ಚಾಗಿ ಒಂದೇ ಹಾರ್ಮೋನು.

ನಂಗೆ 47. ಒಂದು ವರ್ಷದಿಂದ ಡೇಟ್ ಅನ್ನೋದಕ್ಕೆ ಲೆಕ್ಕಾನೇ ಇಲ್ಲ. ಒಂದ್ಸಲ 22 ದಿನಕ್ಕೇ ಬಂದು ಕೂತ್ಕೊಳತ್ತೆ, ಇನ್ನೊಂದ್ಸಲ ಎರಡೂವರೆ ತಿಂಗಳು ಪತ್ತೆ ಇಲ್ಲ, ಬಂದಾಗ ಮಾತ್ರ ಬಡ್ಡಿ ಸಮೇತ ಬರತ್ತೆ. ರಾತ್ರಿ ಮೂರು ಗಂಟೆಗೆ ಎಚ್ಚರ ಆಗತ್ತೆ, ಕತ್ತಿನ ಹಿಂದೆಲ್ಲ ಬೆವರು, ಹೊದ್ದಿದ್ದು ಕಿತ್ತೆಸೆದ್ರೆ ಎರಡೇ ನಿಮಿಷಕ್ಕೆ ಚಳಿ, ಮತ್ತೆ ಎಳ್ಕೊಳ್ಳೋದು. ಇದು ಮುಟ್ಟು ನಿಲ್ಲೋ ಕಾಲಾನೋ ಅಥವಾ ಇನ್ನೇನಾದ್ರೂ ಕಾಯಿಲೇನೋ ಅಂತ ಒಂದು ಉತ್ತರ ಬೇಕಾಗಿತ್ತು ಅಷ್ಟೆ. ಡಬ್ಬಿ ಮೇಲೆ ದೊಡ್ಡದಾಗಿ ಐದೇ ನಿಮಿಷದಲ್ಲಿ ಉತ್ತರ ಅಂತ ಬರ್ದಿತ್ತು, ಬಿದ್ದೆ.

ಒಳಗೆ ಮೂರು ಸ್ಟ್ರಿಪ್, ಒಂದು ಪುಟ್ಟ ಕಪ್, ಮಡಚಿ ಮಡಚಿ ಇಟ್ಟ ಒಂದು ಕಾಗದ. ಬೆಳಗಿನ ಮೊದಲ ಮೂತ್ರದಲ್ಲಿ ಅದ್ದಬೇಕು, ಎರಡು ಗೆರೆ ಬರತ್ತೆ, ಟೆಸ್ಟ್ ಗೆರೆ ಪಕ್ಕದ ಗೆರೆಯಷ್ಟೇ ಗಾಢ ಇದ್ರೆ ಅಥವಾ ಇನ್ನೂ ಗಾಢ ಇದ್ರೆ ಪಾಸಿಟಿವ್, ತೆಳು ಇದ್ರೆ ನೆಗೆಟಿವ್. ಒಂದು ವಾರ ಬಿಟ್ಟು ಇನ್ನೊಂದ್ಸಲ ಮಾಡ್ಬೇಕು. ಓದೋಕೆ ಸುಲಭ, ಮಾಡೋಕೆ ಅಲ್ಲ. ಬೆಳಿಗ್ಗೆ ಐದೂವರೆಗೆ ಚಾಳೀಸು ಇಲ್ದೆ ಬಾತ್‌ರೂಮಲ್ಲಿ ನಿಂತು, ಮೊಬೈಲ್ ಟಾರ್ಚ್ ಹಾಕಿ, ಎರಡು ಗುಲಾಬಿ ಗೆರೇಲಿ ಯಾವುದು ಒಂದು ಚೂರು ಜಾಸ್ತಿ ಗುಲಾಬಿ ಅಂತ ಕಣ್ಣು ಕಿರಿದು ಮಾಡ್ಕೊಂಡು ನೋಡ್ತಿದ್ದೆ, ಅಷ್ಟರಲ್ಲಿ ನಮ್ಮೆಜಮಾನ್ರು ಬಾಗಿಲಲ್ಲಿ ನಿಂತು "ಏನೇ ಅದು? ಈ ವಯಸ್ಸಲ್ಲಿ?" ಅಂದ್ರು. ಮುಖ ಬಿಳಿಚಿಕೊಂಡಿತ್ತು ಪಾಪ.

ಮೊದಲ ವಾರ ಪಾಸಿಟಿವ್. ಆಯ್ತು ಮುಗೀತು ಅಂತ ಸ್ವಲ್ಪ ಬೇಜಾರು ಸ್ವಲ್ಪ ನಿರಾಳ ಎರಡೂ ಮಾಡ್ಕೊಂಡು ಮಿಕ್ಕಿದ್ದ ಪ್ಯಾಡೆಲ್ಲ ಮಗಳ ಕಪಾಟಿಗೆ ಹಾಕ್ದೆ. ಮುಂದಿನ ವಾರ ನೆಗೆಟಿವ್. ಅದಾಗಿ ನಾಲ್ಕು ದಿನಕ್ಕೆ ಡೇಟೂ ಬಂತು, ಕೊಟ್ಟಿದ್ದ ಪ್ಯಾಡ್ ವಾಪಸ್ ಇಸ್ಕೊಂಡೆ.

ಕೊನೆಗೆ ಲೇಡಿ ಡಾಕ್ಟ್ರ ಹತ್ರ ಹೋದೆ, ಎರಡೂ ಸ್ಟ್ರಿಪ್ಪಿನ ಫೋಟೋ ತೋರಿಸ್ದೆ. ಅವ್ರು ಫೋಟೋ ನೋಡಲೇ ಇಲ್ಲ, "ಕಳೆದ ಆರು ತಿಂಗಳ ಡೇಟ್ ಹೇಳಿ" ಅಂದ್ರು. ನಂಗೆ ನೆಟ್ಟಗೆ ಎರಡೂ ನೆನಪಿಲ್ಲ. ಆಮೇಲೆ ಅವ್ರೇ ಬಿಡಿಸಿ ಹೇಳಿದ್ರು, ಈ ಕಿಟ್ ನೋಡೋದು ಎಫ್‌ಎಸ್‌ಎಚ್ ಅನ್ನೋ ಹಾರ್ಮೋನನ್ನ. ಓವರಿ, ಅಂದ್ರೆ ಅಂಡಾಶಯ, ಮಾತು ಕೇಳ್ದೇ ಹೋದಾಗ ಮೆದುಳಿನ ಬುಡದಲ್ಲಿರೋ ಪಿಟ್ಯುಟರಿ ಗ್ರಂಥಿ ಜೋರಾಗಿ ಕೂಗೋಕೆ ಶುರು ಮಾಡತ್ತಂತೆ, ಆ ಕೂಗೇ ಎಫ್‌ಎಸ್‌ಎಚ್ ಅಂದ್ಕೊಳಿ. ಮುಟ್ಟು ನಿಲ್ಲೋ ಮುಂಚಿನ ವರ್ಷಗಳಲ್ಲಿ, ಅಂದ್ರೆ ಪೆರಿಮೆನೋಪಾಸಲ್ಲಿ, ಓವರಿ ಒಂದು ತಿಂಗಳು ಮಲಗತ್ತೆ ಇನ್ನೊಂದು ತಿಂಗಳು ಎದ್ದು ಕೆಲಸ ಮಾಡತ್ತೆ, ಅದಕ್ಕೆ ತಕ್ಕ ಹಾಗೆ ಕೂಗೂ ಏರತ್ತೆ ಇಳಿಯತ್ತೆ. ಸ್ಟ್ರಿಪ್ ಹೇಳಿದ್ದು ಸುಳ್ಳಲ್ಲ, ಆ ಬೆಳಿಗ್ಗೆ ಜಾಸ್ತಿ ಇತ್ತು, ಈ ಬೆಳಿಗ್ಗೆ ಇರ್ಲಿಲ್ಲ ಅಷ್ಟೆ. 45 ದಾಟಿದವ್ರಿಗೆ ಇಂಥ ಲಕ್ಷಣ ಇದ್ರೆ ಸಾಮಾನ್ಯವಾಗಿ ಈ ಟೆಸ್ಟೇ ಬೇಕಾಗಿಲ್ವಂತೆ, ಡೇಟ್ ಮತ್ತು ಲಕ್ಷಣ ಕೇಳಿನೇ ಹೇಳ್ತಾರೆ. ಮೆನೋಪಾಸ್ ಆಯ್ತು ಅನ್ನೋದು ಸತತ 12 ತಿಂಗಳು ಮುಟ್ಟು ಬರದೇ ಇದ್ದಾಗ ಮಾತ್ರ. 40ಕ್ಕಿಂತ ಮುಂಚೆ ನಿಂತ್ರೆ ಅದು ಬೇರೆ ಕಥೆ, ಆಗ ರಕ್ತದ ಟೆಸ್ಟ್ ಬೇಕೇ ಬೇಕು.

ನಗು ಬಂದಿದ್ದು ಯಾವಾಗ ಅಂದ್ರೆ, ಅವ್ರು ಬರೆದ ಮೊದಲ ಟೆಸ್ಟು ಪ್ರೆಗ್ನೆನ್ಸಿ! ನಮ್ಮೆಜಮಾನ್ರ ಭಯ ಪೂರ್ತಿ ದಡ್ಡತನ ಅಲ್ಲ ನೋಡಿ. ಡೇಟ್ ಏರುಪೇರಾದ್ರೂ ಆಗೊಮ್ಮೆ ಈಗೊಮ್ಮೆ ಅಂಡ ಬಿಡುಗಡೆ ಆಗ್ತಾನೇ ಇರತ್ತೆ, ಅದಕ್ಕೇ 50ರ ಒಳಗೆ ಮುಟ್ಟು ನಿಂತ್ರೆ ಇನ್ನೂ ಎರಡು ವರ್ಷ, 50 ದಾಟಿದ್ಮೇಲೆ ನಿಂತ್ರೆ ಒಂದು ವರ್ಷ ಗರ್ಭ ತಡೆಯೋ ವ್ಯವಸ್ಥೆ ಬಿಡ್ಬೇಡಿ ಅಂತ ಹೇಳ್ತಾರೆ. ಕಿಟ್ ಪಾಸಿಟಿವ್ ಬಂತು ಅಂತ ಆ ದಿನವೇ ಮಾತ್ರೆ ಬಿಟ್ಟವ್ರು ಇದ್ರೆ ದಯವಿಟ್ಟು ಈ ಸಾಲು ಇನ್ನೊಂದ್ಸಲ ಓದಿ. ಹಾರ್ಮೋನ್ ಮಾತ್ರೆ ತಗೋತಿದ್ರೆ ಕಿಟ್ ರಿಸಲ್ಟನ್ನ ನಂಬೋಕೂ ಆಗಲ್ಲ. ಆಮೇಲೆ ಥೈರಾಯ್ಡು, ಹಿಮೋಗ್ಲೋಬಿನ್ ಎರಡೂ ನೋಡಿದ್ರು, ಥೈರಾಯ್ಡ್ ಜಾಸ್ತಿ ಆದ್ರೂ ಇದೇ ಥರ ಬೆವರು, ಎದೆ ಡವಡವ, ನಿದ್ದೆಗೇಡು. ನಂಗೆ ಥೈರಾಯ್ಡ್ ಸರಿ ಇತ್ತು, ಹಿಮೋಗ್ಲೋಬಿನ್ ಮಾತ್ರ ಕಮ್ಮಿ, 9.4. ಸುಸ್ತಿಗೆಲ್ಲ ವಯಸ್ಸನ್ನೇ ಬೈತಿದ್ದೆ, ಆ ಬಡ್ಡಿ ಸಮೇತ ಬರೋ ಬ್ಲೀಡಿಂಗು ಒಳಗೊಳಗೇ ಖಾಲಿ ಮಾಡ್ತಿತ್ತು. ಕಿಟ್ಟಿಗೆ ಇದು ಗೊತ್ತೇ ಇಲ್ಲ.

ಈಗ ಆಪ್ ವಿಷ್ಯ, ನಂಗೆ ನಿಜವಾಗ್ಲೂ ಸಿಟ್ಟು ಬಂದಿರೋದು ಇಲ್ಲೇ. ಡಬ್ಬಿ ಮೇಲಿನ ಕೋಡ್ ಸ್ಕ್ಯಾನ್ ಮಾಡಿದ್ರೆ ಡೇಟ್ ಲೆಕ್ಕ ಇಡೋ ಒಂದು ಆಪ್ ಫ್ರೀ, ಮನೆಯವ್ರನ್ನೂ ಸೇರಿಸ್ಬಹುದು. ಮಗಳಿಗೆ 14, ದೊಡ್ಡವಳಾಗಿ ಎರಡು ವರ್ಷ ಆಗಿಲ್ಲ. ಅವಳು ಕ್ಯಾಲೆಂಡರಲ್ಲಿ ಗುಂಡಗೆ ಸುತ್ತಿಟ್ಟಿದ್ದ ಡೇಟೆಲ್ಲ ಹಾಕಿದ್ವಿ, 24 ದಿನ, 41 ದಿನ, 33 ದಿನ. ತಕ್ಷಣ ಪರದೆ ಕೆಂಪಗಾಗಿ ಪಿಸಿಓಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಹಾರ್ಮೋನ್ ಏರುಪೇರಾಗಿ ಡೇಟ್ ತಪ್ಪೋ ತೊಂದರೆ) ಸಾಧ್ಯತೆ ಹೆಚ್ಚು ಅಂತ ಬಂತು, ಕೆಳಗೇ ಹಾರ್ಮೋನ್ ಬ್ಯಾಲೆನ್ಸ್ ಮಾಡೋ ಪುಡಿ ಕೊಳ್ಳೋಕೆ ಬಟನ್. ಹುಡುಗಿ ಆ ರಾತ್ರಿ "ಅಮ್ಮ ನಂಗೆ ಮುಂದೆ ಮಕ್ಳಾಗಲ್ವಾ" ಅಂತ ಕೇಳಿದ್ಲು. ಹದಿನಾಲ್ಕು ವರ್ಷದ ಮಗು ಕೇಳೋ ಪ್ರಶ್ನೇನಾ ಇದು?

ಅದೇ ಡಾಕ್ಟ್ರನ್ನ ಕೇಳ್ದೆ. ಮುಟ್ಟು ಶುರುವಾದ ಮೊದಲ ವರ್ಷ ಹೆಂಗಿದ್ರೂ ತಲೆ ಕೆಡಿಸ್ಕೋಬೇಡಿ, ಒಂದರಿಂದ ಮೂರನೇ ವರ್ಷದವರೆಗೆ 21ರಿಂದ 45 ದಿನದ ಅಂತರ ನಾರ್ಮಲ್ ಅಂದ್ರು. ಮೆದುಳು ಓವರಿ ಎರಡೂ ಇನ್ನೂ ಮಾತಾಡೋದು ಕಲೀತಿರತ್ತೆ, ಎಷ್ಟೋ ತಿಂಗಳು ಅಂಡವೇ ಬಿಡುಗಡೆ ಆಗಿರಲ್ಲ. ಎರಡು ಡೇಟ್ ಮಧ್ಯೆ 90 ದಿನ ದಾಟಿದ್ರೆ, 15 ತುಂಬಿದ್ರೂ ಮುಟ್ಟೇ ಆಗದಿದ್ರೆ, ಏಳು ದಿನಕ್ಕಿಂತ ಜಾಸ್ತಿ ಹೋಗ್ತಿದ್ರೆ ಅಥವಾ ಗಂಟೆ ಗಂಟೆಗೂ ಪ್ಯಾಡ್ ಬದಲಾಯಿಸೋ ಹಾಗಿದ್ರೆ ಆಗ ಕರ್ಕೊಂಡು ಬನ್ನಿ ಅಂದ್ರು. ಸ್ಕ್ಯಾನ್ ಮಾಡಿಸ್ಲಾ ಅಂದೆ, ಬೇಡ್ವೇ ಬೇಡ ಅಂದ್ರು, ಮುಟ್ಟು ಶುರುವಾಗಿ ಎಂಟು ವರ್ಷ ಆಗೋವರೆಗೂ ಪಿಸಿಓಎಸ್ ಇದ್ಯಾ ಅಂತ ನೋಡೋಕೆ ಸ್ಕ್ಯಾನ್ ಬಳಸಲ್ವಂತೆ, ಆ ವಯಸ್ಸಿನ ಓವರೀಲಿ ಸಣ್ಣ ಸಣ್ಣ ಗುಳ್ಳೆ ತುಂಬಾ ಇರೋದೇ ಸಹಜ. ಅವು ಗಡ್ಡೆನೂ ಅಲ್ಲ, ಅಂಡ ಬೆಳೆಯೋ ಚೀಲಗಳು. ಹೆಸರಿಟ್ಟವ್ರು ಸಿಸ್ಟ್ ಅಂತ ಇಟ್ಬಿಟ್ರು, ಎಲ್ರೂ ಹೆದರ್ತಿದಾರೆ.

ಅಂದ್ರೆ ನನ್ನ ಡೇಟೂ ಏರುಪೇರು, ಅವಳದ್ದೂ ಏರುಪೇರು, ಒಬ್ರದ್ದು ಶುರು ಇನ್ನೊಬ್ರದ್ದು ಕೊನೆ. ಆಪಿಗೆ ಗೊತ್ತಿರೋದು 28 ದಿನ ಒಂದೇ. ಡಿಲೀಟ್ ಮಾಡ್ದೆ, ಮಾಡೋ ಮುಂಚೆ ಅಕೌಂಟ್ ಡೇಟಾನೂ ಅಳಿಸಿ ಅಂತ ಹುಡುಕಿ ಹುಡುಕಿ ಒತ್ತಿದೀನಿ, ಬರೀ ಆಪ್ ತೆಗೆದ್ರೆ ಸಾಲಲ್ಲ.

ನಮ್ಮಕ್ಕನ ಪ್ರಶ್ನೆನೂ ಕೇಳ್ಕೊಂಡು ಬಂದಿದ್ದೆ, ಮುಟ್ಟು ನಿಲ್ಲೋ ಕಾಲದ ತೊಂದರೆಗೆ ಹಾರ್ಮೋನ್ ಥೆರಪಿ ತಗೊಂಡ್ರೆ ಸ್ತನ ಕ್ಯಾನ್ಸರ್ ಬರತ್ತಂತಲ್ಲ ಅಂತ. ಈ ಭಯ 2002ರಲ್ಲಿ ಅರ್ಧಕ್ಕೇ ನಿಲ್ಲಿಸಿದ ಅಮೆರಿಕದ ಒಂದು ದೊಡ್ಡ ಅಧ್ಯಯನದಿಂದ ಹಬ್ಬಿದ್ದು. ಅದರಲ್ಲಿದ್ದ ಹೆಂಗಸ್ರ ಸರಾಸರಿ ವಯಸ್ಸು 63. 60ರ ಒಳಗಿರೋ ಅಥವಾ ಮುಟ್ಟು ನಿಂತು ಹತ್ತು ವರ್ಷ ಆಗಿರದ, ಬೇರೆ ತೊಂದರೆ ಇಲ್ಲದ ಹೆಚ್ಚಿನವ್ರಿಗೆ ಲಾಭಾನೇ ಜಾಸ್ತಿ ಅಂತ ಈಗ ಹೇಳ್ತಾರೆ. ಹಾಗಂತ ರಿಸ್ಕ್ ಸೊನ್ನೆ ಅಲ್ಲ, ಸ್ತನ ಕ್ಯಾನ್ಸರ್ ಆಗಿದ್ದವ್ರಿಗೆ ಸಾಮಾನ್ಯವಾಗಿ ಕೊಡಲ್ಲ, ಗರ್ಭಕೋಶ ಇದ್ರೆ ಈಸ್ಟ್ರೋಜನ್ ಹಾರ್ಮೋನ್ ಜೊತೆ ಪ್ರೊಜೆಸ್ಟರಾನ್ ಥರದ ಇನ್ನೊಂದು ಹಾರ್ಮೋನೂ ಬೇಕು. ಅಕ್ಕನಿಗೆ ಮುಟ್ಟು ನಿಂತು ಮೂರು ವರ್ಷ ಆದ್ಮೇಲೆ ಮೊನ್ನೆ ಒಂದು ಚೂರು ಕಲೆ ಕಂಡಿತ್ತಂತೆ, ಮಾತಿಗೆ ಮಾತು ಬಂದಾಗ ಹೇಳಿದ್ಲು. ಡಾಕ್ಟ್ರು ಅದನ್ನ ಕೇಳಿದ್ದೇ ಪೆನ್ ಕೆಳಗಿಟ್ಟು "ಅವ್ರನ್ನ ಈ ವಾರವೇ ಕಳಿಸಿ" ಅಂದ್ರು. ನಿಂತ ಮೇಲೆ ಒಂದು ಹನಿ ಕಂಡ್ರೂ ತೋರಿಸ್ಬೇಕಂತೆ. ತೋರಿಸಿದ್ಲು, ಪುಣ್ಯಕ್ಕೆ ಪಾಲಿಪ್, ಕ್ಯಾನ್ಸರ್ ಅಲ್ಲದ ಒಂದು ಸಣ್ಣ ಗಂಟು ಅಷ್ಟೆ.

ಎರಡು ಸ್ಟಾರ್ ಯಾಕೆ ಅಂದ್ರೆ, ಒಂದು ಸ್ಟ್ರಿಪ್ಪಿಗೆ, ಅದು ಎಫ್‌ಎಸ್‌ಎಚ್ ನೋಡ್ತೀನಿ ಅಂತು, ನೋಡ್ತು. ಇನ್ನೊಂದು ಆ ಮಡಚಿದ ಕಾಗದಕ್ಕೆ, ಇದರಿಂದ ಮೆನೋಪಾಸ್ ಖಚಿತ ಆಗಲ್ಲ ಅಂತ ಕೊನೇ ಸಾಲಲ್ಲಿ ಇರುವೆ ಗಾತ್ರದ ಅಕ್ಷರದಲ್ಲಾದ್ರೂ ಬರ್ದಿದಾರೆ. ಆ ಸಾಲು ಡಬ್ಬಿ ಮೇಲೆ ಇದ್ದಿದ್ರೆ ನಾಲ್ಕು ಕೊಡ್ತಿದ್ದೆ, ಆದ್ರೆ ಆಗ ನಾನು ಕೊಳ್ತಾನೇ ಇರ್ಲಿಲ್ಲ. ಈಗ ಮಗಳ ಹಳೇ ನೋಟ್‌ಬುಕ್ಕಲ್ಲಿ ಒಂದು ಪುಟ ನಂದು ಒಂದು ಪುಟ ಅವಳದ್ದು, ಡೇಟ್, ಎಷ್ಟು ಪ್ಯಾಡ್, ನಿದ್ದೆ ಬಂತಾ ಇಲ್ವಾ, ಅಷ್ಟೇ ಬರೀತೀವಿ, ಡಾಕ್ಟ್ರು ನೋಡೋದು ಅದನ್ನೇ.

ಕಂಪನಿಯಿಂದ ಮಾತ್ರ ಪ್ರತಿ ಸೋಮವಾರ ಬೆಳಿಗ್ಗೆ ಮೆಸೇಜ್ ಬರತ್ತೆ, ನಿಮ್ಮ ಮುಂದಿನ ಟೆಸ್ಟಿಗೆ ಸಮಯ ಆಯ್ತು ಅಂತ. ನಮ್ಮನೇಲಿ ಈಗ ಡೇಟ್ ತಪ್ಪದೇ ಬರೋದು ಅದೊಂದೇ.