ಕಕ್ಕಬ್ಬೆಯಲ್ಲಿ ಇಲ್ಲದ ಹೋಂಸ್ಟೇಗೆ ಕಟ್ಟಿದ ಮುಂಗಡ

ಕಳೆದ ವರ್ಷ ಜುಲೈ ಕೊನೆಯ ವಾರದಲ್ಲಿ ನಾನು, ನನ್ನ ಪತ್ನಿ, ಒಂಬತ್ತು ವರ್ಷದ ಮಗಳು ಮತ್ತು ಎಪ್ಪತ್ತು ದಾಟಿದ ನನ್ನ ತಾಯಿ ಮೈಸೂರಿನಿಂದ ಕೊಡಗಿಗೆ ಹೊರಟೆವು. ಒಂದು ರಾತ್ರಿ ಮಡಿಕೇರಿಯಲ್ಲಿ ತಂಗಿ, ಮುಂದಿನ ಎರಡು ರಾತ್ರಿಗಳನ್ನು ಕಕ್ಕಬ್ಬೆ ಕಡೆಯ ಹಳ್ಳಿಯೊಂದರ ಹಳೆಯ ಮನೆಯಲ್ಲಿ ಕಳೆಯಬೇಕೆಂಬುದು ನಮ್ಮ ಯೋಜನೆಯಾಗಿತ್ತು. ಆ ಮನೆ ಇತ್ತು. ಆದರೆ ಅದು ಹೋಂಸ್ಟೇ ಆಗಿರಲಿಲ್ಲ. ನಾವು ಕಟ್ಟಿದ 12,500 ರೂಪಾಯಿ ಆ ಮನೆಯವರ ಕೈಗೆ ಹೋಗಿರಲೂ ಇಲ್ಲ. ಅದೇ ಮನೆಯ ಚಿತ್ರವನ್ನು ತೋರಿಸಿ ಇನ್ನೂ ಜನರಿಂದ ಹಣ ಪಡೆಯಲಾಗುತ್ತಿದೆ ಎಂದು ಈಚೆಗೆ ತಿಳಿದುಬಂದಿರುವುದರಿಂದ, ಸಂಕೋಚವನ್ನು ಬದಿಗಿಟ್ಟು ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ಜಾಹೀರಾತಿನಲ್ಲಿದ್ದ ಚಿತ್ರಗಳು ಸೊಗಸಾಗಿದ್ದವು. ಹೆಂಚಿನ ಮಾಡು, ಕೆತ್ತನೆಯ ಕಂಬಗಳ ಕೈಯಾಲೆ (ಮುಂಭಾಗದ ಜಗಲಿ), ಅಂಗಳದಾಚೆಗೆ ಬಿಳಿ ಹೂವು ತುಂಬಿ ನಿಂತ ಕಾಫಿ ಗಿಡಗಳು. ಕಾಫಿ ಹೂ ಬಿಡುವುದು ಬೇಸಿಗೆಯ ಆರಂಭದ ಮಳೆ ಬಿದ್ದ ಮೇಲೆ, ಅದೂ ಕೆಲವೇ ದಿನಗಳ ಮಟ್ಟಿಗೆ ಎಂಬುದು ನನಗೆ ಗೊತ್ತಿತ್ತು. ಆದರೂ ಜುಲೈನಲ್ಲಿ ಮನೆ ಹೇಗಿರುತ್ತದೆ ಎಂದು ತೋರಿಸುವ ಒಂದು ಚಿತ್ರವನ್ನಾದರೂ ಕೇಳಬೇಕೆಂದು ಹೊಳೆಯಲಿಲ್ಲ. ಫೋನಿನಲ್ಲಿ ಮಾತನಾಡಿದ ವ್ಯಕ್ತಿ ಅಚ್ಚುಕಟ್ಟಾದ ಕನ್ನಡದಲ್ಲಿ, ನನ್ನ ತಾಯಿಯ ಮಂಡಿನೋವನ್ನೂ ವಿಚಾರಿಸಿಕೊಂಡು, ನೆಲಮಟ್ಟದ ಕೋಣೆಯನ್ನೇ ಕೊಡುವುದಾಗಿ ಹೇಳಿದ. ಮಾತಿನ ನಡುವೆ, ‘ನೀವು ಬರುವ ಹೊತ್ತಿಗೆ ಸರಿಯಾಗಿ ಪುತ್ತರಿ ಊಟವೂ ಸಿಗುತ್ತದೆ ಸರ್’ ಎಂದ. ಇನ್ನೊಂದು ಸಲ, ರಾಜಾಸೀಟಿನಿಂದ ಹತ್ತೇ ನಿಮಿಷದ ದಾರಿ ಎಂದ.

ಇವೆರಡು ಮಾತುಗಳನ್ನು ನಾನು ಆಮೇಲೆ ಎಷ್ಟು ಸಲ ನೆನೆಸಿಕೊಂಡಿದ್ದೇನೋ ಲೆಕ್ಕವಿಲ್ಲ. ಪುತ್ತರಿ ಹೊಸ ಅಕ್ಕಿಯ ಹಬ್ಬ. ಅದು ಬರುವುದು ಭತ್ತ ಕೊಯ್ಲಿಗೆ ಬಂದ ಮೇಲೆ, ನವೆಂಬರ್ ಅಥವಾ ಡಿಸೆಂಬರಿನಲ್ಲಿ. ಜುಲೈ ಕೊನೆಯೆಂದರೆ ಕಕ್ಕಡ ತಿಂಗಳು. ಆಗ ಗದ್ದೆಯಲ್ಲಿ ನಾಟಿ ಕೆಲಸ ನಡೆದಿರುತ್ತದೆ, ಕೊಡವರ ಮನೆಗಳಲ್ಲಿ ಮದುವೆ ಮುಂತಾದ ಶುಭಕಾರ್ಯಗಳನ್ನು ಇಟ್ಟುಕೊಳ್ಳುವುದಿಲ್ಲ. ಇನ್ನು ರಾಜಾಸೀಟ್ ಇರುವುದು ಮಡಿಕೇರಿ ಪೇಟೆಯಲ್ಲೇ. ಅಲ್ಲಿಂದ ಮೂರ್ನಾಡು, ನಾಪೋಕ್ಲು ದಾಟಿ ಕಕ್ಕಬ್ಬೆ ತಲುಪಲು ಒಳ್ಳೆಯ ಹವೆಯಲ್ಲೂ ಒಂದು ಗಂಟೆಗಿಂತ ಹೆಚ್ಚು ಬೇಕು. ಕೊಡಗಿನಲ್ಲಿ ಹುಟ್ಟಿ ಬೆಳೆದವರು ಯಾರೂ ಆಡದ ಎರಡು ಮಾತುಗಳನ್ನು ಅವನು ಒಂದೇ ಕರೆಯಲ್ಲಿ ಆಡಿದ್ದ. ನಾನು ‘ಸರಿ ಸರಿ’ ಎನ್ನುತ್ತ ಬಾಡಿಗೆಯಲ್ಲಿ ಐನೂರು ರೂಪಾಯಿ ಇಳಿಸುವುದರಲ್ಲಿ ಮಗ್ನನಾಗಿದ್ದೆ.

ಮೊದಲು 6,500 ರೂಪಾಯಿ ಮುಂಗಡ ಕೇಳಿದ, ಕಳುಹಿಸಿದೆ. ಎರಡು ದಿನ ಬಿಟ್ಟು, ಹೊರಡುವಾಗ ಮರಳಿಸುವ ಠೇವಣಿಯೆಂದು ಮತ್ತೆ 6,000 ಕೇಳಿದ, ಅದನ್ನೂ ಕಳುಹಿಸಿದೆ. ಹಣ ಕಳುಹಿಸುವಾಗ ಮೊಬೈಲ್ ಪರದೆಯ ಮೇಲೆ ಬಂದ ಹೆಸರು ಅವನು ಹೇಳಿಕೊಂಡಿದ್ದ ಹೆಸರಾಗಿರಲಿಲ್ಲ. ಕೇಳಿದ್ದಕ್ಕೆ, ಅದು ನಮ್ಮ ಮ್ಯಾನೇಜರ್ ಖಾತೆ ಎಂಬ ಉತ್ತರ ಬಂತು. ಹೋಂಸ್ಟೇ ಎಂದರೆ ಮಾಲೀಕರು ತಾವು ವಾಸವಿರುವ ಮನೆಯಲ್ಲೇ ಅತಿಥಿಗಳಿಗೆ ಕೋಣೆ ಕೊಡುವ ವ್ಯವಸ್ಥೆ. ಅಂಥ ಮನೆಗೆ ಬೇರೆ ಊರಿನ ಬ್ಯಾಂಕ್ ಖಾತೆಯ ಮ್ಯಾನೇಜರ್ ಏಕೆ ಬೇಕು ಎಂದು ನಾನು ಅಲ್ಲೇ ನಿಂತು ಯೋಚಿಸಬೇಕಿತ್ತು.

ಮಡಿಕೇರಿಯ ಮೊದಲ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಾಲಯವನ್ನೂ ಕೋಟೆಯನ್ನೂ ನೋಡಿದೆವು. ರಾಜಾಸೀಟಿನಲ್ಲಿ ಮಂಜು ಬಿಟ್ಟು ಬೇರೇನೂ ಕಾಣಿಸಲಿಲ್ಲ. ರಸ್ತೆಬದಿಯ ಅಂಗಡಿಯೊಂದರಲ್ಲಿ ‘ನಮ್ಮ ತೋಟದ್ದೇ’ ಎಂಬ ಮಾತು ನಂಬಿ ಕೊಂಡ ಕಾಳುಮೆಣಸಿನಲ್ಲಿ ಪಪ್ಪಾಯ ಬೀಜ ಬೆರೆತಿತ್ತೆಂಬುದು ಮನೆಗೆ ಬಂದು ನೀರಿಗೆ ಹಾಕಿದಾಗ ಗೊತ್ತಾಯಿತು; ಒಳ್ಳೆಯ ಮೆಣಸು ತಳಕ್ಕಿಳಿಯುತ್ತದೆ, ಪಪ್ಪಾಯ ಬೀಜ ತೇಲುತ್ತದೆ. ಅದು ಸಣ್ಣ ನಷ್ಟ. ದೊಡ್ಡ ತಪ್ಪು ಮಾಡಿದ್ದು ಮರುದಿನ. ನಾವು ತಂಗಿದ್ದ ವಸತಿಗೃಹದ ಕಾವಲುಗಾರರು, ‘ಕಕ್ಕಬ್ಬೆ ಕಡೆಗಾದರೆ ಊಟಕ್ಕೆ ಮೊದಲೇ ಹೊರಟುಬಿಡಿ ಸರ್, ಈ ಮಳೆಗೆ ಮೂರು ಗಂಟೆಗೇ ಕತ್ತಲಾಗುತ್ತದೆ’ ಎಂದಿದ್ದರು. ಮಂಜು ತಿಳಿಯಾದೀತೆಂದು ಇನ್ನೊಮ್ಮೆ ರಾಜಾಸೀಟಿಗೆ ಹೋಗಿ ಕಾದು ಕುಳಿತ ನಾವು ಮಡಿಕೇರಿ ಬಿಟ್ಟಾಗ ಮೂರೂವರೆಯಾಗಿತ್ತು.

ನಾಪೋಕ್ಲು ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಮೊಬೈಲಿನ ನಕ್ಷೆ ಹನ್ನೊಂದು ನಿಮಿಷ ಉಳಿಯುತ್ತದೆಂದು ಬೇರೊಂದು ದಾರಿ ತೋರಿಸಿತು. ಮೊದಲ ಒಂದು ಕಿಲೋಮೀಟರ್ ಡಾಂಬರು, ಆಮೇಲೆ ಕಾಂಕ್ರೀಟಿನ ಎರಡು ಪಟ್ಟಿ, ಆಮೇಲೆ ಬರೀ ಕೆಂಪು ಮಣ್ಣು. ಅದು ಕಾಫಿ ತೋಟದೊಳಗಿನ ಖಾಸಗಿ ದಾರಿಯೆಂದು ಅರಿವಾಗುವ ಹೊತ್ತಿಗೆ ಎದುರಿಗೆ ಸರಪಳಿ ಸುತ್ತಿದ ಗೇಟು ನಿಂತಿತ್ತು. ಹಿಂದಕ್ಕೆ ತಿರುಗಿಸಲು ಹೋದಾಗ ಕಾರಿನ ಎಡಗಡೆಯ ಹಿಂದಿನ ಚಕ್ರ ಚರಂಡಿಗೆ ಜಾರಿತು. ಮೊಬೈಲಿನಲ್ಲಿ ಸಿಗ್ನಲ್ ಇರಲಿಲ್ಲ, ಸಮಯ ಐದೂಮುಕ್ಕಾಲು. ಆ ವ್ಯಕ್ತಿಗೆ ಕೊನೆಯದಾಗಿ ಕರೆ ಹೋಗಿದ್ದು ನಾಪೋಕ್ಲಿನಲ್ಲಿ. ಆಗಲೇ ಅವನ ಫೋನ್ ಸ್ವಿಚ್ ಆಫ್ ಆಗಿತ್ತು.

ಕಾರಿನಿಂದಿಳಿದು ಹತ್ತು ಹೆಜ್ಜೆ ನಡೆದ ನನ್ನ ತಾಯಿ ಕಾಲಿನ ಬಳಿ ಏನೋ ತಣ್ಣಗಾಗುತ್ತಿದೆ ಎಂದರು. ಮೊಬೈಲಿನ ಬೆಳಕು ಹಾಯಿಸಿದರೆ ಕಾಲುಂಗುರದ ಪಕ್ಕದಲ್ಲೊಂದು, ಪಾದದ ಗಂಟಿನ ಮೇಲೆರಡು ಜಿಗಣೆಗಳು. ಆಗಲೇ ರಕ್ತ ಕುಡಿದು ದ್ರಾಕ್ಷಿಯಷ್ಟು ಉಬ್ಬಿದ್ದವು. ಗಾಬರಿಯಲ್ಲಿ ಒಂದನ್ನು ಕಿತ್ತೆ. ಕಚ್ಚಿದ ಜಾಗದಿಂದ ರಕ್ತ ಬಹಳ ಹೊತ್ತು ನಿಲ್ಲಲೇ ಇಲ್ಲ, ಏಕೆಂದರೆ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಜಿಗಣೆಯ ಎಂಜಲಿನಲ್ಲಿರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರನ್ನು ಮಳೆಗಾಲದಲ್ಲಿ ತೋಟದ ದಾರಿಗೆ ಕರೆದೊಯ್ಯುವವರು ಇದನ್ನು ಮೊದಲೇ ತಿಳಿದಿರಬೇಕು. ನನ್ನ ತಾಯಿ ಅಂಥ ಮಾತ್ರೆ ತೆಗೆದುಕೊಳ್ಳುವವರು.

ನಮ್ಮ ಹಾರನ್ ಕೇಳಿ ತೋಟದ ಕೆಲಸಗಾರರ ಲೈನ್‌ಮನೆಗಳ ಕಡೆಯಿಂದ ಇಬ್ಬರು ಬಂದರು. ಅವರ ಹಿಂದೆಯೇ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್ ಜೀಪಿನಲ್ಲಿ ಬಂದರು. ಅವರು ಮೊದಲು ಹೇಳಿದ್ದು, ‘ಹಾರನ್ ನಿಲ್ಲಿಸಿ, ಲೈಟ್ ಆರಿಸಿ’ ಎಂದು. ಹಲಸು ಹಣ್ಣಾಗುವ ಕಾಲದಲ್ಲಿ ಕಾಡಾನೆಗಳು ತೋಟದೊಳಗೇ ಇರುತ್ತವೆ ಎಂದು, ಮೂರು ದಿನದ ಹಿಂದೆ ಮುರಿದು ಬಿದ್ದಿದ್ದ ಗೇಟಿನ ಪಕ್ಕದ ಬೇಲಿಯನ್ನು ತೋರಿಸಿದರು. ನಾನು ಮೊಬೈಲಿನಲ್ಲಿದ್ದ ಮನೆಯ ಚಿತ್ರ ತೋರಿಸಿದಾಗ ಅವರು ಟಾರ್ಚ್ ಹಿಡಿದು ಎರಡು ಸಲ ನೋಡಿ, ‘ಇದು ಐನ್‌ಮನೆ. ಇಲ್ಲಿ ಯಾರೂ ರೂಮ್ ಕೊಡುವುದಿಲ್ಲವಲ್ಲ?’ ಎಂದರು.

ಐನ್‌ಮನೆ ಎಂದರೇನೆಂದು ತಿಳಿಯದವರಿಗಾಗಿ ಹೇಳುವುದಾದರೆ, ಅದು ಒಂದು ಕೊಡವ ಒಕ್ಕದ, ಅಂದರೆ ಒಂದೇ ಮೂಲದ ಕುಟುಂಬಗಳೆಲ್ಲವುಗಳ ಹಿರಿಯರ ಮನೆ. ಅಲ್ಲಿ ಒಂದೆರಡು ಸಂಸಾರ ವಾಸವಿರಬಹುದು, ಆದರೆ ಮನೆ ಇಡೀ ಒಕ್ಕಕ್ಕೆ ಸೇರಿದ್ದು. ಹತ್ತಿರದಲ್ಲೇ ಕಾರಣವರ ಕೈಮಡ, ಅಂದರೆ ಪೂರ್ವಜರ ಗುಡಿ ಇರುತ್ತದೆ. ಆ ರಾತ್ರಿ ಜೀಪಿನಲ್ಲಿ ನಮ್ಮನ್ನು ಓಣಿಯವರೆಗೆ ಕರೆದೊಯ್ದ ರೈಟರ್ ಮುಂದೆ ಹೋಗಿ ವಿಷಯ ತಿಳಿಸಿದರು. ಹೊರಬಂದ ಹಿರಿಯರು ಬಾಗಿಲಲ್ಲೇ ನಿಂತು, ‘ಈ ಮಳೆಗಾಲದಲ್ಲಿ ನೀವು ಮೂರನೆಯವರು. ಮೊದಲು ಅಮ್ಮನನ್ನು ಒಳಗೆ ಕರೆದುಕೊಂಡು ಬನ್ನಿ’ ಎಂದರು. ನಾನು ಒದ್ದೆ ಚೀಲವನ್ನು ಕೈಯಾಲೆಯ ಕಂಬಗಳ ನಡುವಿನ ಅಗಲವಾದ ಮರದ ಹಲಗೆಯ ಮೇಲಿಟ್ಟೆ. ಅವರ ಸೊಸೆ ಏನೂ ಹೇಳದೆ ಚೀಲವನ್ನೆತ್ತಿ ಕೆಳಗಿಟ್ಟು, ಸೆರಗಿನಿಂದ ಹಲಗೆ ಒರೆಸಿದರು. ಅದು ಐಮರ, ಒಕ್ಕದ ಹಿರಿಯರು ಕುಳಿತುಕೊಳ್ಳುವ ಜಾಗ ಎಂದು ಆಮೇಲೆ ತಿಳಿಯಿತು. 12,500 ರೂಪಾಯಿಗಿಂತ ಆ ಸೆರಗಿನ ನೆನಪೇ ನನ್ನನ್ನು ಹೆಚ್ಚು ಕಾಡುತ್ತದೆ.

ಅಕ್ಕಿ ರೊಟ್ಟಿ, ಕಣಿಲೆಯ (ಎಳೆ ಬಿದಿರಿನ) ಪಲ್ಯ, ಬೆಲ್ಲದ ಕಪ್ಪು ಕಾಫಿ ಕೊಟ್ಟರು. ತಗ್ಗಿನ ರಸ್ತೆಗೆ ನೀರು ಬಂದಿದೆಯೆಂಬ ಸುದ್ದಿ ಬಂದದ್ದರಿಂದ ರಾತ್ರಿ ಅಲ್ಲೇ ಉಳಿಸಿಕೊಂಡರು. ಬೆಳಿಗ್ಗೆ ಹಣ ಕೊಡಲು ಹೋದರೆ ಮುಖ ತಿರುಗಿಸಿದರು. ಕೆಲವು ವರ್ಷಗಳ ಹಿಂದೆ ಒಕ್ಕದವರೆಲ್ಲ ಸೇರಿದ್ದಾಗ ಬಂದ ಅತಿಥಿಯೊಬ್ಬರು ತೆಗೆದು ಹಂಚಿಕೊಂಡ ಚಿತ್ರಗಳನ್ನೇ ಯಾರೋ ಬಳಸುತ್ತಿದ್ದಾರೆಂದು ಆ ಹಿರಿಯರು ಹೇಳಿದರು. ಮಧ್ಯರಾತ್ರಿ ಬಂದು ‘ರೂಮ್ ಎಲ್ಲಿ’ ಎಂದು ಜಗಳಕ್ಕೆ ನಿಂತವರೂ ಉಂಟಂತೆ.

ಮರುದಿನ ಸಿಗ್ನಲ್ ಸಿಕ್ಕ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿದೆ, ಬ್ಯಾಂಕಿಗೂ ತಿಳಿಸಿದೆ. ಆದರೆ ಹಣ ಕಳುಹಿಸಿ ಆಗಲೇ ನಾಲ್ಕು ದಿನ ಕಳೆದಿತ್ತು. ಆ ಖಾತೆಯಲ್ಲಿ ಏನೂ ಉಳಿದಿರಲಿಲ್ಲ. ಇಂಥ ದೂರನ್ನು ಗಂಟೆಗಳ ಒಳಗೆ ಕೊಟ್ಟರೆ ಮಾತ್ರ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಅವಕಾಶ ಹೆಚ್ಚು. ಅದೇ ಸಂಜೆ ಆ ವ್ಯಕ್ತಿಯೇ ಬೇರೆ ಸಂಖ್ಯೆಯಿಂದ ಕರೆ ಮಾಡಿ, ಕ್ಷಮೆ ಕೇಳಿ, ಪೂರ್ತಿ ಹಣ ಮರಳಿಸುತ್ತೇನೆ, ಬಂದ ಕೋರಿಕೆಗೆ ನಿಮ್ಮ ಪಿನ್ ಒತ್ತಿ ಎಂದ. ನನ್ನ ಬೆರಳು ಪರದೆಯ ಮೇಲಿತ್ತು. ಪತ್ನಿ ಫೋನ್ ಕಿತ್ತುಕೊಂಡಳು. ಹಣ ಪಡೆಯಲು ಪಿನ್ ಬೇಕಾಗುವುದಿಲ್ಲ. ಪಿನ್ ಕೇಳಿದರೆಂದರೆ ಹಣ ನಮ್ಮ ಖಾತೆಯಿಂದ ಹೋಗುತ್ತಿದೆ ಎಂದರ್ಥ.

ಈಗ ಯಾರಾದರೂ ನನ್ನನ್ನು ಕೇಳಿದರೆ ಹೇಳುವುದು ಇಷ್ಟು. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಪತ್ರದ ಪ್ರತಿಯನ್ನು ಮುಂಗಡಕ್ಕೆ ಮೊದಲೇ ತರಿಸಿಕೊಳ್ಳಿ, ಅದರಲ್ಲಿರುವ ಹೆಸರೂ ಹಣ ಪಡೆಯುವ ಖಾತೆಯ ಹೆಸರೂ ಒಂದೇ ಆಗಿದೆಯೇ ನೋಡಿ. ವಿಡಿಯೊ ಕರೆಯಲ್ಲಿ ಅಂಗಳ ತೋರಿಸಲು ಹೇಳಿ; ನಿಜವಾದ ಮಾಲೀಕರು ಸಿಗ್ನಲ್ ಇರುವ ಮೂಲೆಗೆ ಹೋಗಿಯಾದರೂ ತೋರಿಸುತ್ತಾರೆ. ಊರಿನ ಹೆಸರು, ಹತ್ತಿರದ ಬಸ್ ನಿಲ್ದಾಣ, ಪಕ್ಕದ ಅಂಗಡಿ ಯಾವುದೆಂದು ಕೇಳಿ. ತಿರುವಿನಲ್ಲಿ ನಕ್ಷೆಯನ್ನಲ್ಲ, ಅಂಗಡಿಯವರನ್ನು ಕೇಳಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಒಳಹಳ್ಳಿಗಳಿಗೆ ಹೋಗಲೇಬೇಕಾದರೆ ಮಧ್ಯಾಹ್ನದೊಳಗೆ ತಲುಪಿ, ಆ ದಿನದ ಜಿಲ್ಲಾಡಳಿತದ ಸೂಚನೆಯನ್ನು ನೋಡಿಯೇ ಹೊರಡಿ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟಗಳೇ ಜಾರಿ ಬಂದದ್ದನ್ನು ಕಂಡ ಜನ ಮಳೆಯ ಬಗ್ಗೆ ಹೇಳುವ ಮಾತು ಹೆದರಿಸಲು ಹೇಳುವ ಮಾತಲ್ಲ. ಕೊಡಗಿನಲ್ಲಿ ಸರಿಯಾಗಿ ನೋಂದಾಯಿಸಿಕೊಂಡು, ಅತಿಥಿಗಳನ್ನು ಮನೆಯವರಂತೆ ನೋಡಿಕೊಳ್ಳುವ ಹೋಂಸ್ಟೇಗಳು ಬೇಕಾದಷ್ಟಿವೆ. ಈ ವಂಚನೆಯಿಂದ ಅವರ ಹೆಸರೂ ಕೆಡುತ್ತಿದೆ.

ಆ ಹಿರಿಯರು ಈಗ ಓಣಿಯ ಬಾಯಲ್ಲಿ ‘ಇದು ಹೋಂಸ್ಟೇ ಅಲ್ಲ’ ಎಂದು ಹಲಗೆ ಹಾಕಿಸಿದ್ದಾರೆ. ಹೋದ ವಾರ ಅದೇ ಚಿತ್ರ ಇನ್ನೊಂದು ಹೆಸರಿನ ಕೆಳಗೆ, ಈ ಸಲ ‘ವಿರಾಜಪೇಟೆಯಿಂದ ಐದು ನಿಮಿಷ’ ಎಂಬ ಸಾಲಿನೊಂದಿಗೆ ಮತ್ತೆ ಕಾಣಿಸಿಕೊಂಡಿದೆ. ಗುರುತು ಹೇಳುತ್ತೇನೆ: ಕೈಯಾಲೆಯ ಮೆಟ್ಟಿಲ ಮೇಲೆ ಹಿತ್ತಾಳೆಯ ಕಿಂಡಿ, ಅಂದರೆ ಮೂತಿಯಿರುವ ನೀರಿನ ಪಾತ್ರೆಯೊಂದಿದೆ, ಬಲಗಡೆಯ ಎರಡನೆಯ ಕಂಬಕ್ಕೆ ಕಪ್ಪು ಕೊಡೆಯೊಂದನ್ನು ನೇತುಹಾಕಿದೆ, ಮಾಡಿನ ಎಡ ಅಂಚಿನಲ್ಲಿ ಒಂದು ಹೆಂಚು ಮಾತ್ರ ಹೊಸದಾಗಿ ಕೆಂಪಗಿದೆ. ಆ ಚಿತ್ರ ಕಂಡರೆ ಹಣ ಕಳುಹಿಸಬೇಡಿ.