ಗೇಟ್ ಅಪ್ರೂವಲ್ ಆ್ಯಪ್: ಬಾಗಿಲಿಗೆ ಬಂದು ಮಾರುವವರನ್ನು ಎಷ್ಟರಮಟ್ಟಿಗೆ ತಡೆಯುತ್ತದೆ?

ವಾಟರ್ ಫಿಲ್ಟರ್, ಇನ್ಶೂರೆನ್ಸ್, ಬ್ರಾಡ್‌ಬ್ಯಾಂಡ್ ಎಂದು ಹೊತ್ತುಗೊತ್ತಿಲ್ಲದೆ ಬೆಲ್ ಒತ್ತುವವರ ಕಾಟ ತಪ್ಪಿಸಲು ಅಪಾರ್ಟ್‌ಮೆಂಟುಗಳು ಈ ಆ್ಯಪ್‌ಗಳನ್ನು ಹಾಕಿಸಿಕೊಳ್ಳುತ್ತವೆ. ಸೆಕ್ಯುರಿಟಿಯವರು ಬಂದವರ ಹೆಸರು, ಫೋಟೋ, ಫೋನ್ ನಂಬರ್ ತುಂಬಿ ಫ್ಲಾಟ್ ನಂಬರ್ ಒತ್ತುತ್ತಾರೆ. ಮನೆಯವರು ಒಪ್ಪಿದರಷ್ಟೇ ಒಳಗೆ. ಯಾವ ಮನೆಗೆ ಎಂದು ಹೇಳಲಾಗದೆ ಸುಮ್ಮನೆ ನುಗ್ಗಲು ನೋಡುವವರು ಗೇಟಿನಲ್ಲೇ ನಿಲ್ಲುತ್ತಾರೆ. ಆ ಮಟ್ಟಿಗೆ ಇದು ಒಳ್ಳೆಯ ವ್ಯವಸ್ಥೆ.

ಸೋರುವುದು ಗೇಟು ದಾಟಿದ ಮೇಲೆ. ಯಾರೋ ಒಬ್ಬರು ಡೆಮೊಗೆ ಕರೆಸಿದ ವ್ಯಕ್ತಿ ಕೆಲಸ ಮುಗಿಸಿ, ಲಿಫ್ಟ್ ಬಿಟ್ಟು ಮೆಟ್ಟಿಲಿಳಿಯುತ್ತ ಮಹಡಿ ಮಹಡಿಯಲ್ಲೂ ಬೆಲ್ ಒತ್ತುತ್ತಾನೆ. ಅನುಮತಿ ಒಂದೇ ಮನೆಗೆ, ಓಡಾಟ ಇಡೀ ಬ್ಲಾಕಿಗೆ. ಇದಕ್ಕೆ ಮದ್ದು ಎಕ್ಸಿಟ್ ಎಂಟ್ರಿ. ಹೊರಹೋದ ಸಮಯ ನಮೂದಿಸುವುದನ್ನು ಕಡ್ಡಾಯ ಮಾಡಿ, ಹೆಚ್ಚು ಹೊತ್ತು ಒಳಗಿದ್ದವರ ಅಲರ್ಟ್ ಇದ್ದರೆ ಆನ್ ಮಾಡಿಸಿ: ಡೆಲಿವರಿಗೆ 15 ನಿಮಿಷ, ಡೆಮೊಗೆ ಒಂದು ಗಂಟೆ ಧಾರಾಳ. ಅಲರ್ಟ್ ಬಂದ ಕೂಡಲೇ ಇಂಟರ್‌ಕಾಮ್‌ನಲ್ಲಿ ಆ ಫ್ಲಾಟಿಗೆ ಕೇಳುವ ಕೆಲಸ ಯಾರದ್ದು ಎಂಬುದೂ ಮೊದಲೇ ಗೊತ್ತಿರಬೇಕು. ಇಲ್ಲದಿದ್ದರೆ ಅಲರ್ಟ್ ಇದ್ದೂ ಇಲ್ಲದಂತೆ.

ಇನ್ನೊಂದು ತೂತು ‘ಡೆಲಿವರಿ’ ವಿಭಾಗ. ಡೆಲಿವರಿಗೆ ಆಟೋ ಅಪ್ರೂವ್ (ಮನೆಯವರನ್ನು ಕೇಳದೆ ತಾನಾಗಿ ಒಪ್ಪಿಗೆ) ಇಟ್ಟವರ ಫ್ಲಾಟ್ ನಂಬರ್ ಗೊತ್ತಾದರೆ ಸಾಕು, ಬ್ಯಾಗ್ ಹಿಡಿದ ಯಾರು ಬೇಕಾದರೂ ಬರಬಹುದು. ಅದನ್ನು ಆಫ್ ಮಾಡಿ, ಆರ್ಡರ್ ಇದ್ದ ದಿನ ಒಂದು ಸಲಕ್ಕೆ ಮಾತ್ರ ಅನುಮತಿ ಕೊಡಿ.

ನೋಟಿಫಿಕೇಶನ್ ಬರುವುದೇ ಇಲ್ಲ ಎಂಬ ದೂರಿಗೆ ಬಹಳ ಸಲ ಕಾರಣ ಫೋನಿನ ಬ್ಯಾಟರಿ ಉಳಿತಾಯದ ಸೆಟ್ಟಿಂಗ್. ಆ್ಯಪ್ ಹಿನ್ನೆಲೆಯಲ್ಲಿ ಓಡದಂತೆ ಫೋನೇ ನಿಲ್ಲಿಸಿರುತ್ತದೆ. ಬ್ಯಾಟರಿ ನಿರ್ಬಂಧ ತೆಗೆಯಿರಿ, ಲಾಕ್ ಸ್ಕ್ರೀನ್ ಮೇಲೆ ಕಾಣಿಸಲು ಅನುಮತಿ ಕೊಡಿ, ಮನೆಯ ಇನ್ನೊಬ್ಬರ ನಂಬರನ್ನೂ ಸೇರಿಸಿ. ಉತ್ತರ ಬಾರದೆ ಗೇಟಿನಲ್ಲಿ ಸಾಲು ಬೆಳೆದಾಗ ಸೆಕ್ಯುರಿಟಿಯವರು ತಾವೇ ಒಳಗೆ ಬಿಟ್ಟುಬಿಡುತ್ತಾರೆ. ತಪ್ಪು ಅವರದ್ದಲ್ಲ, ನಿಯಮ ಇಲ್ಲದಿರುವುದು. ಮಾರಾಟಕ್ಕೆ ಬಂದವರಿಗೆ ‘ಉತ್ತರವಿಲ್ಲದಿದ್ದರೆ ಪ್ರವೇಶವಿಲ್ಲ’ ಎಂದು ಕಮಿಟಿ ಬರೆದುಕೊಡಬೇಕು.

ಇಷ್ಟಾದರೂ ಬೆಲ್ ಆದರೆ ಬಾಗಿಲ ಕಿಂಡಿಯಲ್ಲಿ ನೋಡಿ, ತೆರೆಯದೆ ‘ಬೇಡ’ ಎಂದಷ್ಟೇ ಹೇಳಿ. ಕಾರಣ ಕೊಟ್ಟರೆ ಅದಕ್ಕೊಂದು ಸಿದ್ಧ ಉತ್ತರ ಅವರ ಬಳಿ ಇರುತ್ತದೆ. ‘ಹಳೆಯ ಬಿಲ್ ತೋರಿಸಿ, ಚೆಕ್ ಮಾಡಬೇಕು’ ಎಂದರೆ ಕೊಡಲೇಬೇಡಿ; ಅದರಲ್ಲಿ ನಿಮ್ಮ ಹೆಸರು, ಖಾತೆ ನಂಬರ್ ಎರಡೂ ಇರುತ್ತವೆ. ಬಂದವರ ಫೋಟೋ, ಫೋನ್ ನಂಬರುಗಳೂ ಆ್ಯಪ್‌ನಲ್ಲಿ ವರ್ಷಗಟ್ಟಲೆ ಬಿದ್ದಿರಬಾರದು. ಎಷ್ಟು ದಿನಕ್ಕೆ ಅಳಿಸುತ್ತಾರೆ ಎಂದು ಕೊಳ್ಳುವ ಮೊದಲೇ ಕೇಳಿ.

ಕಾವಲಿಗೆ ಜನವಿಲ್ಲದ ಸಣ್ಣ ಕಟ್ಟಡಕ್ಕೆ ಈ ಆ್ಯಪ್ ದಂಡ. ಅಲ್ಲಿ ಮುಖ್ಯ ಬಾಗಿಲಿಗೆ ವೀಡಿಯೊ ಡೋರ್ ಫೋನ್, ಎಲೆಕ್ಟ್ರಿಕ್ ಲಾಕ್ ಸಾಕು. ಆದರೆ ಮಾರುವವರು ಎಲ್ಲ ಬಟನ್‌ಗಳನ್ನೂ ಒತ್ತಿ ಯಾರಾದರೂ ತೆಗೆಯಲಿ ಎಂದು ಕಾಯುತ್ತಾರೆ, ಹೀಗಾಗಿ ಮುಖ ಗುರುತು ಸಿಗದೆ ಯಾರೂ ಲಾಕ್ ತೆಗೆಯಬಾರದು. ಒಬ್ಬರ ಬೆನ್ನಿಗೇ ಇನ್ನೊಬ್ಬರು ನುಸುಳುವುದನ್ನು ಕಡಿಮೆ ಮಾಡಲು ಡೋರ್ ಕ್ಲೋಸರ್‌ನ ಸ್ಕ್ರೂ ಹೊಂದಿಸಿ, ಕೈಬಿಟ್ಟ ಬಾಗಿಲು ತಾನಾಗಿ ಪೂರ್ತಿ ಮುಚ್ಚಿ ಲಾಕ್ ಬೀಳುವಂತೆ ಮಾಡಿಸಿ.