ಗೇಮ್ ಆಫ್ ಥ್ರೋನ್ಸ್ ಮೊದಲೋ, ಹೌಸ್ ಆಫ್ ದಿ ಡ್ರ್ಯಾಗನ್ ಮೊದಲೋ?

ಒಂದೇ ಕಾಲ್ಪನಿಕ ಲೋಕದ ಈ ಎರಡು ಇಂಗ್ಲಿಷ್ ಸರಣಿಗಳಲ್ಲಿ ಯಾವುದನ್ನು ಮೊದಲು ನೋಡಬೇಕು? ಎರಡರಲ್ಲೂ ಪ್ರಶ್ನೆ ಒಂದೇ: ನ್ಯಾಯ ದೊಡ್ಡದೋ, ಮನೆಯವರು ದೊಡ್ಡವರೋ?

ಗೇಮ್ ಆಫ್ ಥ್ರೋನ್ಸ್‌ನಲ್ಲಿ ಹಲವು ಮನೆತನಗಳಿವೆ. ಮಾನಕ್ಕೆ ಬದುಕಿದ ನೆಡ್ ಸ್ಟಾರ್ಕ್, ಹೆಣ್ಣುಮಕ್ಕಳ ಜೀವಕ್ಕಾಗಿ ಮಾಡದ ದ್ರೋಹವನ್ನು ಒಪ್ಪಿಕೊಳ್ಳುತ್ತಾನೆ. ಆದರೂ ಅವನ ತಲೆ ಉಳಿಯುವುದಿಲ್ಲ. ಜೇಮಿ ಲ್ಯಾನಿಸ್ಟರ್ ತಾನು ಕಾಯಬೇಕಾದ ರಾಜನನ್ನೇ ಕೊಂದವನು. ಕಾರಣ ಗೊತ್ತಾಗುವುದು ಮೂರನೇ ಸೀಸನ್‌ನಲ್ಲಿ: ರಾಜ ಇಡೀ ಊರನ್ನೇ ಸುಡಲು ಹೊರಟಿದ್ದ. ಅಲ್ಲಿಯವರೆಗೆ ಬೈದುಕೊಂಡವನ ಮೇಲೆ ಮರುಕ ಹುಟ್ಟುತ್ತದೆ. ಹೀಗೆ ನಿಧಾನವಾಗಿ ನಮ್ಮ ಮನಸ್ಸು ಬದಲಿಸುವ ಶಕ್ತಿ ಇದಕ್ಕೇ ಜಾಸ್ತಿ.

ಹೌಸ್ ಆಫ್ ದಿ ಡ್ರ್ಯಾಗನ್ ಒಂದೇ ಮನೆಯ ಒಡಕು. ರೇನೈರಾ, ಅಲಿಸೆಂಟ್ ಬಾಲ್ಯದ ಗೆಳತಿಯರು. ಅಲಿಸೆಂಟ್ ಗೆಳತಿಯ ಅಪ್ಪನನ್ನೇ ಮದುವೆಯಾಗುತ್ತಾಳೆ. ಆಮೇಲೆ ಸಿಂಹಾಸನ ಯಾರಿಗೆ, ಮೊದಲ ಹೆಂಡತಿಯ ಮಗಳಿಗೋ, ಎರಡನೆಯವಳ ಮಗನಿಗೋ? ದಾಯಾದಿ ಜಗಳದ ಕಥೆ ಕೇಳಿ ಬೆಳೆದ ನಮಗೆ ಇದು ಬೇಗ ಹತ್ತಿರವಾಗುತ್ತದೆ, ಅಲ್ವಾ?

ಸಮಯ ಕಡಿಮೆ ಇದ್ದರೆ ಇದನ್ನೇ ಹಿಡಿಯಿರಿ. ಮೊದಲ ಎರಡು ಸೀಸನ್ ಸೇರಿ 18 ಕಂತು, ಗೇಮ್ ಆಫ್ ಥ್ರೋನ್ಸ್‌ನಲ್ಲಿ ಒಟ್ಟು 73. ಆದರೆ ಇಲ್ಲಿ ಏಗಾನ್, ಏಮಂಡ್, ರೇನಾ, ರೇನಿಸ್ ಎಂಬ ಹೆಸರುಗಳು ಗೊಂದಲ ಮಾಡುತ್ತವೆ. ಪೂರ್ತಿ ಮುಗಿದ ಕಥೆಯೇ ಬೇಕು, ಕೊನೆಯ ಸೀಸನ್‌ನ ಅವಸರ ಸಹಿಸಬಲ್ಲೆ ಅಂದರೆ ಗೇಮ್ ಆಫ್ ಥ್ರೋನ್ಸ್. ಎರಡರಲ್ಲೂ ಕ್ರೌರ್ಯ ಬಹಳ, ಮಕ್ಕಳ ಜೊತೆ ನೋಡಬೇಡಿ.